ಹಕ್ಕಿ ಫೋಟೊ ತೆಗೀರಿ, ಗೂಡಿನದ್ದು ಬೇಡ

ಯುಗಾದಿ ಹತ್ತಿರ ಬಂತು ಅಂದ್ರೆ ನಮ್ಮ ಹಿತ್ತಲಲ್ಲಿ ಗಲಾಟೆ ಜೋರು. ಮಾವಿನ ಮರದಲ್ಲಿ ಕೋಗಿಲೆ, ದಾಸವಾಳದಲ್ಲಿ ಸೂರಕ್ಕಿ, ಕಾಂಪೌಂಡ್ ಮೇಲೆ ಪಿಕಳಾರ. ಅಂದಹಾಗೆ, ಕುಹೂ ಅಂತ ಕೂಗೋದು ಕಪ್ಪು ಬಣ್ಣದ ಗಂಡು ಕೋಗಿಲೆ. ಹೆಣ್ಣಿನ ಮೈ ಕಂದು, ಮೇಲೆ ಬಿಳಿ ಚುಕ್ಕೆ. ಎಷ್ಟೋ ಜನ ಅದು ಬೇರೆ ಹಕ್ಕಿ ಅಂದ್ಕೋತಾರೆ.

ಇವನ್ನ ಸೆರೆಹಿಡಿಯೋಕೆ ದೊಡ್ಡ ಕ್ಯಾಮೆರಾನೇ ಬೇಕಿಲ್ಲ. ಬೆಳಗಿನ ಎಳೆಬಿಸಿಲು ನಿಮ್ಮ ಬೆನ್ನ ಹಿಂದಿರಲಿ. ಮಣ್ಣಿನ ತಟ್ಟೇಲಿ ನೀರಿಟ್ಟು, ಕಿಟಕಿ ಹಿಂದೆ ಅಲುಗಾಡದೆ ನಿಲ್ಲಿ. ಹಕ್ಕೀನೇ ಹತ್ತಿರ ಬರುತ್ತೆ.

ಆದ್ರೆ ಇದು ಗೂಡು ಕಟ್ಟೋ ಕಾಲ. ಸೂರಕ್ಕಿ ನಾರು, ಒಣ ಎಲೆಗಳನ್ನ ಜೇಡರ ಬಲೆಯಿಂದ ಅಂಟಿಸಿ, ಚೀಲದಂಥ ಗೂಡು ನೇತುಹಾಕುತ್ತೆ. ನಾವು ಎಲೆ ಸರಿಸಿ ಮೊಬೈಲ್ ತೂರಿಸಿದ್ರೆ ತಾಯಿ ಗೂಡು ಬಿಟ್ಟೇ ಹೋಗಬಹುದು. ಮರೆ ಹೋದ ಗೂಡು ಕಾಗೆ ಕಣ್ಣಿಗೂ ಬೀಳುತ್ತೆ. ಮೊಬೈಲಲ್ಲಿ ಕೂಗು ಹಾಕಿ ಕರೆಯೋದೂ ಬೇಡ. ಎದುರಾಳಿ ಬಂದ ಅಂತ ಗಂಡು ಹಕ್ಕಿ ಹುಡುಕಾಡುತ್ತೆ, ಮರಿಗೆ ಗುಟುಕು ತಪ್ಪುತ್ತೆ.

ನಮ್ಮ ಬಾಲ್ಕನಿ ತಂತಿಯಲ್ಲೂ ಈಗೊಂದು ಗೂಡಿದೆ. ಅದರ ಒಂದು ಫೋಟೊನೂ ನನ್ನ ಹತ್ರ ಇಲ್ಲ. ಆ ಜೋಡಿ ದಾಸವಾಳದ ಮಕರಂದ ಹೀರೋ ಫೋಟೊ ಇದೆ, ಅಷ್ಟು ಸಾಕು.

ಇನ್ನೂ ಆಸಕ್ತಿ ಇದ್ಯಾ? ಇ-ಬರ್ಡ್ ಆ್ಯಪ್‌ನಲ್ಲಿ ನೀವು ಕಂಡ ಹಕ್ಕಿಗಳ ಪಟ್ಟಿ ಹಾಕಿ. ಪ್ರತಿ ಫೆಬ್ರುವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ 2013ರಿಂದ ಭಾರತದವರೂ ಎಣಿಸ್ತಿದ್ದಾರೆ. 15 ನಿಮಿಷ ಕೊಟ್ರೂ ಆಯ್ತು. ನಾಳೆ ಬೆಳಿಗ್ಗೆ ಕಿಟಕಿಯಿಂದ್ಲೇ ಶುರು ಮಾಡಿ!