ಎಲ್ಲಿ ನಿಲ್ಲಬೇಕು ಎಂಬುದನ್ನು ಕಲಿಸುವುದು ಹೇಗೆ?

ರೋಬೋಟಿಕ್ ಶಸ್ತ್ರಚಿಕಿತ್ಸೆಯ ಆನ್‌ಲೈನ್ ತರಬೇತಿಯ ಬಗ್ಗೆ ತುಂಗಭದ್ರೆಯ ಸೀಮೆಯಲ್ಲಿ ಈ ಸಂಕಿರಣ ನಡೆಯುತ್ತಿದೆ. ಈ ತರಬೇತಿ ಯಾರಿಗಾಗಿ ಎಂಬ ಪ್ರಶ್ನೆಯನ್ನು ಇಲ್ಲಿ ಯಾರೂ ಮರೆಯಲಾರರು.

ಡಾ ವಿಂಚಿ ಎಂಬ ಶಸ್ತ್ರಚಿಕಿತ್ಸಾ ರೋಬೋಟಿಗೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 2000ದಲ್ಲಿ. 2001ರ ಸೆಪ್ಟೆಂಬರ್ 7ರಂದು ಶಸ್ತ್ರಚಿಕಿತ್ಸಕ ಜಾಕ್ ಮಾರೆಸ್ಕೊ ನ್ಯೂಯಾರ್ಕಿನಲ್ಲಿ ಕುಳಿತು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ರೋಗಿಯ ಪಿತ್ತಕೋಶವನ್ನು ಜೀಯಸ್ ರೋಬೋಟಿನಿಂದ ತೆಗೆದರು. ಮರುವರ್ಷ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಇಸ್ರೊ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಣೆಯಾಯಿತು. ನ್ಯೂಯಾರ್ಕಿನ ಶಸ್ತ್ರಚಿಕಿತ್ಸೆ ವೈದ್ಯನ ಕೈಯನ್ನು ದೂರಕ್ಕೆ ಒಯ್ದಿತು. ಚಾಮರಾಜನಗರದ ಜೋಡಣೆ ಹಿರಿಯ ವೈದ್ಯರ ವಿವೇಕವನ್ನು. ನಮ್ಮ ತರಬೇತಿ ಕೈಯ ಬೆನ್ನುಹತ್ತಿ ವಿವೇಕವನ್ನು ಹಿಂದೆ ಬಿಟ್ಟಿತು. ಬಹಳ ವರ್ಷಗಳಿಂದ ನಾನು ಹೇಳುತ್ತಾ ಬಂದಿರುವುದು ಇದನ್ನೇ.

ಸಿಮ್ಯುಲೇಟರ್ ಎಷ್ಟು ಸಮಯ ಹಿಡಿಯಿತು, ಉಪಕರಣ ಎಷ್ಟು ಅಲೆದಾಡಿತು ಎಂದು ಅಳೆದು ಅಂಕ ಕೊಡುತ್ತದೆ. ಅದು ಬೇಕು, ಆದರೆ ಅದೊಂದೇ ಸಾಲದು. 2013ರಲ್ಲಿ ಮಿಷಿಗನ್‌ನ 20 ಶಸ್ತ್ರಚಿಕಿತ್ಸಕರ ವಿಡಿಯೋಗಳನ್ನು ಸಹವೈದ್ಯರೇ ನೋಡಿ ಅಂಕ ಕೊಟ್ಟ ಅಧ್ಯಯನವನ್ನು ಇಲ್ಲಿ ನೆನೆಯುತ್ತೇನೆ. ಕಡಿಮೆ ಅಂಕ ಬಂದವರ ರೋಗಿಗಳಲ್ಲಿ ತೊಡಕುಗಳು ಹೆಚ್ಚಿದ್ದವು. ಸಹವೈದ್ಯರ ಕಣ್ಣಿಗೆ ಬಿದ್ದದ್ದು ರೋಗಿಯ ಮೈಮೇಲೂ ಕಂಡಿತು.

ನಾನು ಕಲಿಯುತ್ತಿದ್ದಾಗ ಪಿತ್ತಕೋಶದ ಬುಡವೆಲ್ಲ ಉರಿಯೂತದಿಂದ ಅಂಟಿಕೊಂಡಿದ್ದ ರೋಗಿಯೊಬ್ಬರಿದ್ದರು. ಲ್ಯಾಪರೊಸ್ಕೋಪಿಯಲ್ಲಿ ನಾನು ಕ್ಲಿಪ್ ಹಾಕಲು ಹೊರಟಾಗ ನಮ್ಮ ಗುರುಗಳು ನನ್ನ ಮಣಿಕಟ್ಟು ಹಿಡಿದು, "ತಡಿಯಪಾ, ಎರಡೂ ಕಾಣವಲ್ವು" ಅಂದರು. ಪಿತ್ತಕೋಶಕ್ಕೆ ಸೇರುವ ನಾಳ, ರಕ್ತನಾಳ ಎರಡೂ ಬಿಡಿಬಿಡಿಯಾಗಿ ಕಾಣದೆ ಕತ್ತರಿಸಬಾರದು. 1995ರಲ್ಲಿ ಸ್ಟ್ರಾಸ್‌ಬರ್ಗ್ ಎಂಬ ಶಸ್ತ್ರಚಿಕಿತ್ಸಕರು ಮತ್ತು ಸಂಗಡಿಗರು ಸ್ಪಷ್ಟಪಡಿಸಿದ ನಿಯಮವಿದು. ನಾವು ಲ್ಯಾಪರೊಸ್ಕೋಪಿ ಬಿಟ್ಟು, ಹೊಟ್ಟೆ ತೆರೆದು ಮುಗಿಸಿದೆವು.

ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಗುರುಗಳು ಪರದೆಯೊಂದನ್ನೇ ನೋಡುತ್ತಿರಲಿಲ್ಲ. ನನ್ನ ಉಸಿರು, ಭುಜದ ಬಿಗಿ, ಸಿಸ್ಟರ್ ಮುಖ ಎಲ್ಲವನ್ನೂ ಗಮನಿಸುತ್ತಿದ್ದರು. ರೋಬೋಟನ್ನು ನಡೆಸುವ ಕನ್ಸೋಲ್ ಜೋಡಿಯಾಗಿದ್ದಲ್ಲಿ ಹಿರಿಯರು ಹಿಡಿತ ತೆಗೆದುಕೊಳ್ಳಬಹುದು. ಅಂತರ್ಜಾಲದ ಆಚೆ ಕುಳಿತ ಗುರುವಿಗೆ ಶಿಷ್ಯನ ಅನುಮಾನ ತಿಳಿಯುವುದು ಹೇಗೆ? ಬಹುಪಾಲು ರೋಬೋಟುಗಳಲ್ಲಿ ಎಳೆತದ ಅನುಭವ ಕೈಗೆ ಬರುವುದಿಲ್ಲ. ಎಳೆತ ಹೆಚ್ಚಾಗಿ ಅಂಗಾಂಶ ಬೆಳ್ಳಗಾಗುವುದನ್ನು ಕಣ್ಣೇ ಗುರುತಿಸಬೇಕು. ಆ ಕಣ್ಣನ್ನು ಪಳಗಿಸುವುದು ಹೇಗೆ? ನನ್ನ ಬಳಿ ಪೂರ್ಣ ಉತ್ತರವಿಲ್ಲ.

ಆದರೆ ಆರಂಭದ ದಾರಿ ಗೊತ್ತಿದೆ. ನಾವು ತೋರಿಸುವ ವಿಡಿಯೋಗಳು ಅಂದಗೊಳಿಸಿದವು: ತಡವರಿಕೆ ಕತ್ತರಿಸಿ, ಗೆಲುವನ್ನಷ್ಟೇ ಉಳಿಸಿದವು. ಕಲಿಯುವವರಿಗೆ ಬೇಕಾದದ್ದು ಆ ತಡವರಿಕೆಯೇ. ರೋಗಿಯ ಒಪ್ಪಿಗೆ ಪಡೆದು, ಗುರುತು ಅಳಿಸಿ, ಇಡೀ ವಿಡಿಯೋ ತೋರಿಸಿ, ಕಷ್ಟದ ಘಟ್ಟದಲ್ಲಿ ನಿಲ್ಲಿಸಿ "ಈಗೇನು ಮಾಡುತ್ತೀರಿ?" ಎಂದು ಕೇಳಿ. ತಾಲ್ಲೂಕು ಆಸ್ಪತ್ರೆಯ ವೈದ್ಯರೂ ಉತ್ತರಿಸಲಿ. ಕಡಿಮೆ ಸಲಕರಣೆಯಲ್ಲಿ, ಯಾವ ರೋಗಿಯನ್ನು ಇಲ್ಲೇ ನೋಡಬೇಕು, ಯಾರನ್ನು ಜಿಲ್ಲಾ ಕೇಂದ್ರ ರಾಯಚೂರಿಗೆ ಕಳಿಸಬೇಕು ಎಂದು ದಿನವೂ ತೀರ್ಮಾನಿಸುವ ಅವರಿಂದ ಮಹಾನಗರದ ಕನ್ಸೋಲ್ ಕಲಿಯಬೇಕಾದದ್ದು ಬಹಳಷ್ಟಿದೆ.

ಈ ಸಂಕಿರಣದ ನಿರ್ಣಯಗಳಲ್ಲಿ ಇದೊಂದು ಸೇರಲಿ: ನಡುವೆಯೇ ನಿಲ್ಲಿಸಿ ಹೊಟ್ಟೆ ತೆರೆಯಲು ತೀರ್ಮಾನಿಸಿದ ಶಸ್ತ್ರಚಿಕಿತ್ಸೆಗಳ ಚರ್ಚೆಯಿಲ್ಲದೆ ಯಾವ ಆನ್‌ಲೈನ್ ತರಬೇತಿಗೂ ಪ್ರಮಾಣಪತ್ರ ಕೊಡಬಾರದು.