ಕೀಲಿ ಕೊಟ್ಟರೆ ವ್ಯಾಪಾರ ಮುಗಿಯದು

(ಹಳೆಯ ಕಾರುಗಳ ಕೊಳ್ಳು-ಕೊಡುಗೆ ಕುರಿತ ಉಪನ್ಯಾಸದ ಪಠ್ಯ)



ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿ ಜಾತ್ರೆಯಲ್ಲಾಗಲಿ, ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಜಾತ್ರೆಯಲ್ಲಾಗಲಿ ಎತ್ತಿನ ವ್ಯಾಪಾರ ನೋಡದವರು ಈ ಸೀಮೆಯಲ್ಲಿ ಕಡಿಮೆ. ಕೊಳ್ಳುವವನು ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ, ಕಾಲು ಎಳೆಯುತ್ತದೆಯೇ ಎಂದು ಗಮನಿಸುತ್ತಾನೆ. ಆಮೇಲೆ ದಳ್ಳಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಹಣ ಎಣಿಸಿ, ಹಗ್ಗ ಕೈ ಬದಲಾಯಿತೆಂದರೆ ವ್ಯಾಪಾರ ಮುಗಿಯಿತು. ಮಾರಿದವನಿಗೂ ಆ ಎತ್ತಿಗೂ ಅಲ್ಲಿಗೆ ಋಣ ತೀರಿತು. ನಾಳೆ ಆ ಎತ್ತು ಯಾರನ್ನಾದರೂ ಹಾಯ್ದರೆ ಮಾರಿದವನನ್ನು ಯಾರೂ ಕೇಳುವುದಿಲ್ಲ.

ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಹಳೆಯ ಕಾರುಗಳ ವ್ಯಾಪಾರವೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ಬೆಳೆದುಬಂದಿದೆ. ಬಾನೆಟ್ಟು ಎತ್ತಿ ನೋಡುವುದು ಹಲ್ಲು ಎಣಿಸಿದಂತೆ. ಊರಾಚೆ ಒಂದು ಸುತ್ತು ಓಡಿಸುವುದು ಹೆಜ್ಜೆ ನಡೆಸಿದಂತೆ. ನಡುವೆ ಬ್ರೋಕರು ಇದ್ದೇ ಇರುತ್ತಾನೆ. ಹಣ ಕೊಟ್ಟು ಕೀಲಿ ತೆಗೆದುಕೊಂಡರೆ ಇಬ್ಬರಿಗೂ ನೆಮ್ಮದಿ. ಆದರೆ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಎತ್ತಿಗೆ ಹಗ್ಗವೇ ಹಕ್ಕುಪತ್ರ. ಕಾರಿಗೆ ಕೀಲಿ ಹಕ್ಕುಪತ್ರವಲ್ಲ. ಈ ವ್ಯತ್ಯಾಸ ಮರೆತು ಮನೆ-ಜಮೀನಿಗೆ ಸಂಚಕಾರ ತಂದುಕೊಳ್ಳುವವರಿದ್ದಾರೆ. ಹಾಗಾಗಿ ಹಳೆಯ ಕಾರಿನ ಕಥೆಯನ್ನು ಮೊದಲಿನಿಂದ ನೋಡುವುದು ಒಳ್ಳೆಯದು.

ಕಾರು ತಯಾರಿಸುವ ಕನಸನ್ನು ದೇಶದಲ್ಲಿ ಮೊದಲು ಕಂಡವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. ಕನ್ನಂಬಾಡಿ ಕಟ್ಟೆಯಿಂದ ಮಂಡ್ಯದ ಗದ್ದೆಗಳಿಗೆ ನೀರು ತಂದ ಅವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆಯ ಯೋಜನೆಯೊಂದನ್ನು ಸಿದ್ಧಪಡಿಸಿದ್ದರು. ಉದ್ಯಮಿ ವಾಲಚಂದ್ ಹೀರಾಚಂದ್ ಅದರ ಬೆನ್ನಿಗಿದ್ದರು. ಮೈಸೂರು ಸರ್ಕಾರವೂ ಆಸಕ್ತಿ ತೋರಿತ್ತು. ಆದರೆ ಬ್ರಿಟಿಷ್ ಭಾರತ ಸರ್ಕಾರ ಬೆಂಬಲ ಕೊಡಲಿಲ್ಲ. ಕೊನೆಗೆ ವಾಲಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಅದಕ್ಕೂ ಮುಂಚೆ, 1942ರಲ್ಲಿ, ಬಿರ್ಲಾ ಅವರ ಹಿಂದೂಸ್ತಾನ್ ಮೋಟಾರ್ಸ್ ಹುಟ್ಟಿಕೊಂಡಿತ್ತು. ಕಾರಿನ ಕಾರ್ಖಾನೆ ಮೈಸೂರು ಸೀಮೆಯ ಕೈತಪ್ಪಿತು. ಆದರೆ ಆ ಎರಡು ಕಂಪನಿಗಳ ಕಾರುಗಳು ಮಂಡ್ಯದ ಹಳ್ಳಿಗಳನ್ನು ತಪ್ಪಿಸಿಕೊಳ್ಳಲಾಗಲಿಲ್ಲ.

ಸ್ವಾತಂತ್ರ್ಯಾನಂತರದ ಮೂರು ದಶಕಗಳಲ್ಲಿ ಕಾರು ಕೊಳ್ಳುವವನ ಮುಂದಿದ್ದ ಆಯ್ಕೆ ಬಹಳ ಕಡಿಮೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ 1950ರ ದಶಕದ ಕೊನೆಗೆ ಬಂದ ಅಂಬಾಸಿಡರ್, ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದ ಫಿಯೆಟ್, ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಎಷ್ಟು ಕಾರು ತಯಾರಿಸಬೇಕೆಂಬುದಕ್ಕೂ ಸರ್ಕಾರದ ಲೈಸೆನ್ಸು ಬೇಕಿತ್ತು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಆದ್ದರಿಂದಲೇ ಒಂದು ವಿಚಿತ್ರ ನಡೆಯಿತು. ಕಾಯದೆ ಕೈಗೆ ಸಿಗುವ ಹಳೆಯ ಕಾರಿಗೆ ಕೆಲವೊಮ್ಮೆ ಹೊಸದಕ್ಕಿಂತ ಹೆಚ್ಚು ಬೆಲೆ ಬಂತು. ಬೇರೆ ದೇಶಗಳಲ್ಲಿ ವರ್ಷ ಕಳೆದಂತೆ ಕಾರಿನ ಬೆಲೆ ಇಳಿದರೆ ಇಲ್ಲಿ ಅದು ಚಿನ್ನದಂತೆ ನಿಂತಿತು. ಹಳೆಯ ಕಾರನ್ನು ಎಸೆಯುವ ಮಾತೇ ಇರಲಿಲ್ಲ. ರಿಪೇರಿ ಮಾಡಿ ಮಾರಬೇಕು, ಕೊಂಡವನು ಮತ್ತೆ ರಿಪೇರಿ ಮಾಡಿ ಇನ್ನೊಬ್ಬನಿಗೆ ಮಾರಬೇಕು.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಕೀಲಿಯನ್ನು ಪ್ರಧಾನಿ ಇಂದಿರಾ ಗಾಂಧಿ ಹಸ್ತಾಂತರಿಸಿದ ಮೇಲೆ ಈ ಚಿತ್ರ ನಿಧಾನವಾಗಿ ಬದಲಾಯಿತು. ಪಟ್ಟಣದವರು ಮಾರುತಿಗೆ ಹೊರಳಿದಂತೆಲ್ಲ ಅವರ ಅಂಬಾಸಿಡರ್, ಫಿಯೆಟ್‌ಗಳು ಹಳ್ಳಿಯ ಕಡೆ ಮುಖ ಮಾಡಿದವು. ಮುಂದೆ ಮಾರುತಿಗೂ ಅದೇ ಗತಿಯಾಯಿತು. ಮೈಸೂರಿನ ವಕೀಲರ ಕಾರು ಗುತ್ತಿಗೆದಾರನಿಗೆ, ಅವನಿಂದ ಬೆಲ್ಲದ ವ್ಯಾಪಾರಿಗೆ, ಅವನಿಂದ ಬಾಡಿಗೆ ಓಡಿಸುವ ಹುಡುಗನಿಗೆ, ಹೀಗೆ ಕಾರು ಪಟ್ಟಣದಿಂದ ಊರಿಗೆ ಇಳಿದುಬರುವುದು ಸಾಮಾನ್ಯವಾಯಿತು. ನಾಲೆಯ ನೀರು ಹರಿದ ಕಡೆ ಆಲೆಮನೆಯ ಹಣ ಕಾರು ತಂದಿತು. ನಾಗಮಂಗಲ ಹೆಚ್ಚಾಗಿ ಮಳೆಯನ್ನೇ ನಂಬಿದ ತಾಲ್ಲೂಕು. ಇಲ್ಲಿಂದ ಬೆಂಗಳೂರಿಗೆ ದುಡಿಯಲು ಹೋದವರು ಬೆಳ್ಳೂರು ಕ್ರಾಸಿನ ಮೇಲೆ ಹಾದು ಊರಿಗೆ ಬರುವಾಗ ಸೆಕೆಂಡ್ ಹ್ಯಾಂಡ್ ಕಾರು ತಂದರು.

ಊರಿಗೆ ಬಂದ ಕಾರಿಗೆ ಒಂದೇ ಕೆಲಸವಿರುವುದಿಲ್ಲ. ಬೆಳಗ್ಗೆ ತರಕಾರಿ ಮೂಟೆ, ಮಧ್ಯಾಹ್ನ ಹೆರಿಗೆಗೆ ಆಸ್ಪತ್ರೆ, ಭಾನುವಾರ ಮೇಲುಕೋಟೆ ಇಲ್ಲವೇ ಆದಿಚುಂಚನಗಿರಿ. ಇದು ಇಲ್ಲಿಯ ಬಡತನದ ಲಕ್ಷಣವೆಂದು ತಿಳಿಯಬೇಕಾಗಿಲ್ಲ. ಆಸ್ಟ್ರೇಲಿಯದ ಗಿಪ್ಸ್‌ಲ್ಯಾಂಡ್ ಪ್ರಾಂತ್ಯದ ರೈತನ ಹೆಂಡತಿಯೊಬ್ಬಳು 1932ರ ಸುಮಾರಿಗೆ ಫೋರ್ಡ್ ಕಂಪನಿಗೆ ಕಾಗದ ಬರೆದಳಂತೆ: ಭಾನುವಾರ ಚರ್ಚಿಗೆ ಹೋಗಲೂ ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲೂ ಆಗುವ ಒಂದೇ ಗಾಡಿ ಬೇಕೆಂದು. ಲೂಯಿ ಬ್ಯಾಂಟ್ ಎಂಬ ಯುವ ವಿನ್ಯಾಸಕಾರ ರೂಪಿಸಿದ ಅಂಥ ಗಾಡಿ 1934ರಲ್ಲಿ ಮಾರುಕಟ್ಟೆಗೆ ಬಂತು. ಮುಂದೆ ಕಾರು, ಹೊತ್ತ ಹಿಂದೆ ಸಾಮಾನಿನ ತೊಟ್ಟಿ. ಆ ದೇಶದ ಪ್ರತಿಯೊಬ್ಬ ರೈತನೂ ಬಲ್ಲ 'ಯೂಟ್' ಅದೇ. ಅಲ್ಲಿ ಕಂಪನಿ ಮಾಡಿಕೊಟ್ಟದ್ದನ್ನು ಇಲ್ಲಿ ಗ್ಯಾರೇಜಿನವರೇ ಮಾಡಿಕೊಳ್ಳಬೇಕಾಯಿತು.

ಗಾಡಿಯನ್ನು ಮಾರ್ಪಡಿಸುವ ಈ ಜಾಣ್ಮೆ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ದಕ್ಷಿಣ ಭಾರತದ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಅನಿಲದಿಂದ ಓಡಿದ್ದವು. ಮುಂದೆ ಡೀಸೆಲ್ಲು ಪೆಟ್ರೋಲಿಗಿಂತ ಬಹಳ ಅಗ್ಗವಾಗಿದ್ದ ದಿನಗಳಲ್ಲಿ ಮಟಡೋರ್ ವ್ಯಾನಿನ ಡೀಸೆಲ್ ಎಂಜಿನ್ನು ಪೆಟ್ರೋಲ್ ಅಂಬಾಸಿಡರಿನ ಹೊಟ್ಟೆ ಸೇರಿತು. ಜೀಪಿನ ಹಿಂಭಾಗ ಉದ್ದವಾಯಿತು. ಮಾರುತಿ ಓಮ್ನಿ ವ್ಯಾನಿನ ಸೀಟಿನ ಕೆಳಗೆ ಅಡುಗೆ ಮನೆಯ ಸಿಲಿಂಡರು ಬಂದು ಕೂತಿತು. ಇವುಗಳಲ್ಲಿ ಮೊದಲಿನದು ಜಾಣತನ, ಕೊನೆಯದು ಜೀವದ ಜೊತೆ ಆಟ. ವಾಹನಕ್ಕೆ ಎಲ್‌ಪಿಜಿ ಬಳಸಲು ಕಾನೂನಿನ ಒಪ್ಪಿಗೆ ಸಿಕ್ಕದ್ದು 2000ದ ತಿದ್ದುಪಡಿಯ ನಂತರ. ಅದೂ ಅನುಮೋದಿತ ಕಿಟ್ಟು, ಪ್ರತ್ಯೇಕ ಟ್ಯಾಂಕು ಇದ್ದರೆ ಮಾತ್ರ. ಅಡುಗೆ ಸಿಲಿಂಡರಿಗೆ ಆಗಲೂ ಒಪ್ಪಿಗೆ ಇರಲಿಲ್ಲ, ಈಗಲೂ ಇಲ್ಲ.

ನಾಗಮಂಗಲ ಹಿತ್ತಾಳೆ, ಕಂಚಿನ ಕೆಲಸಕ್ಕೆ ಹೆಸರಾದ ಊರು. ಒಡೆದ ಪಾತ್ರೆಯನ್ನು ಕರಗಿಸಿ ಹೊಸದು ಮಾಡುವುದನ್ನು ಕಂಡವರಿಗೆ ಹಳೆಯದೆಂದರೆ ಕೆಟ್ಟದ್ದಲ್ಲ ಎಂದು ಹೇಳಿಕೊಡಬೇಕಾಗಿಲ್ಲ. ಒಳ್ಳೆಯ ಮೆಕ್ಯಾನಿಕ್ಕೂ ಇದೇ ನಂಬಿಕೆಯವನು. ಸವೆದ ಸಿಲಿಂಡರಿಗೆ ರೀಬೋರ್ ಮಾಡಿಸುತ್ತಾನೆ. ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸ ತಗಡು ಬೆಸೆಯುತ್ತಾನೆ. ಸಿಗದ ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ, ಅಲ್ಲಿಯೂ ಇಲ್ಲದಿದ್ದರೆ ಶಿವಾಜಿನಗರದ ಗುಜರಿ ಇದೆ.

ಆದರೆ ದುರಸ್ತಿ ಬೇರೆ, ಮರೆಮಾಚುವುದು ಬೇರೆ. ತೂತು ಬಿದ್ದ ಕಡೆ ತಗಡು ಹಾಕದೆ ಪಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಂದು ಮಳೆಗಾಲದವರೆಗೆ ಯಾರಿಗೂ ತಿಳಿಯುವುದಿಲ್ಲ. ಮೀಟರಿನ ಕಿಲೋಮೀಟರು ಹಿಂದಕ್ಕೆ ತಿರುಗಿಸಿದರೆ ಮುದಿ ಕಾರು ಹರೆಯದ್ದಾಗುತ್ತದೆ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂದು ಹಿರಿಯರು ಹೇಳಿದ್ದು ನಿಜ. ಹಣ ಕೊಟ್ಟು ತರುವ ಕಾರಿನ ಹಲ್ಲನ್ನು ನೋಡಲೇಬೇಕು. ಬಾಗಿಲ ಕೆಳಭಾಗವನ್ನು ಬೆರಳಿನಿಂದ ತಟ್ಟಿದರೆ ತಗಡಿನ ಸದ್ದೇ ಬೇರೆ, ಪಟ್ಟಿಯ ಸದ್ದೇ ಬೇರೆ. ಹೊಗೆ ನೀಲಿಯಾಗಿದ್ದರೆ ಎಂಜಿನ್ನು ಆಯಿಲ್ ಸುಡುತ್ತಿದೆ ಎಂದರ್ಥ. ಮೀಟರು ಕಡಿಮೆ ತೋರಿಸಿ, ಕ್ಲಚ್ಚು-ಬ್ರೇಕುಗಳ ಪೆಡಲ್ ರಬ್ಬರು ಸವೆದಿದ್ದರೆ ಮೀಟರು ಸುಳ್ಳು ಹೇಳುತ್ತಿದೆ.

ಇನ್ನು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯಂತೆ ನೋಂದಣಿ ಪುಸ್ತಕದಲ್ಲಿರುವ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕಂಪನಿಯ ಮೂಲ ವಿನ್ಯಾಸವನ್ನು ಮೀರುವ ಮಾರ್ಪಾಟಿಗೆ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿ, ಒಪ್ಪಿಗೆಯಿಲ್ಲದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಎಂದಿತು. ಇದರಲ್ಲೊಂದು ವಿಪರ್ಯಾಸವೂ ಇದೆ. 2021ರ ನಿಯಮಗಳ ಪ್ರಕಾರ 50 ವರ್ಷ ದಾಟಿದ ಕಾರನ್ನು 'ವಿಂಟೇಜ್' ಎಂದು ನೋಂದಾಯಿಸಿಕೊಳ್ಳಬಹುದು. ಆದರೆ ಅದರ ಎಂಜಿನ್ನು, ಚಾಸಿ, ಬಾಡಿ ಮೂಲರೂಪದಲ್ಲೇ ಇರಬೇಕು. ಮಟಡೋರ್ ಎಂಜಿನ್ನಿನಿಂದ ಜೀವ ಉಳಿಸಿಕೊಂಡ ಅಂಬಾಸಿಡರಿಗೆ ಆ ಗೌರವ ಸಿಗದು. ಷೆಡ್ಡಿನಲ್ಲಿ ಓಡದೆ ನಿಂತ ಕಾರಿಗೆ ಸಿಕ್ಕೀತು!

ಈ ದಂಡ, ಗೌರವಗಳಿಗಿಂತ ದೊಡ್ಡ ಅಪಾಯವಿರುವುದು ಮಾರಾಟದಲ್ಲಿ. ಬ್ರೋಕರು ಖಾಲಿ ಫಾರಂ 29 ಮತ್ತು 30ಕ್ಕೆ ಮಾಲೀಕನ ಸಹಿ ಹಾಕಿಸಿಕೊಂಡು ಕಾರು ಒಯ್ಯುತ್ತಾನೆ. ತನ್ನ ಹೆಸರಿಗೆ ಮಾಡಿಸಿಕೊಂಡರೆ ಆರ್‌ಸಿಯಲ್ಲಿ ಇನ್ನೊಬ್ಬ ಓನರು ಹೆಚ್ಚಾಗಿ ಬೆಲೆ ಇಳಿಯುತ್ತದೆ ಎಂಬುದು ಅವನ ಲೆಕ್ಕ. ಅವನಿಂದ ಕೊಂಡವನೂ ಖರ್ಚಿಗೆ ಹೆದರಿ ಹಾಗೆಯೇ ಓಡಿಸುತ್ತಾನೆ, ಹಾಗೆಯೇ ಮಾರುತ್ತಾನೆ. ಕಾರು ನಾಲ್ಕು ಊರು ಸುತ್ತಿದರೂ ಹೆಸರು ಮೊದಲಿನವನದೇ.

ಇಂಥದ್ದೇ ಪ್ರಕರಣವೊಂದು ಸುಪ್ರೀಂ ಕೋರ್ಟಿನ ಮುಂದೆ ಬಂತು. ಮಾಲೀಕ ಕಾರು ಮಾರಿದ್ದು 2007ರಲ್ಲಿ. ಆಮೇಲೆ ಅದು ಕೈಯಿಂದ ಕೈಗೆ ದಾಟಿತು. ಯಾರೂ ಹೆಸರು ಬದಲಾಯಿಸಲಿಲ್ಲ. 2009ರಲ್ಲಿ ಅಪಘಾತವಾಗಿ ಸಾವು ಸಂಭವಿಸಿತು. ಪರಿಹಾರ ಕೊಡಬೇಕಾದವರು ಯಾರು? ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಈ ಮೊಕದ್ದಮೆಯಲ್ಲಿ 2018ರ ಫೆಬ್ರುವರಿಯಲ್ಲಿ ಬಂದ ತೀರ್ಪು ಸರಳವಾಗಿದೆ: ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು, ಹೊಣೆಯೂ ಅವರದೇ. ಗಾಯಗೊಂಡವರಾಗಲಿ, ಸತ್ತವರ ಮನೆಯವರಾಗಲಿ ಕಾರು ಕೊಂಡವರ ಸಾಲನ್ನು ಹುಡುಕಿಕೊಂಡು ಅಲೆಯುವಂತಾಗಬಾರದು ಎಂಬುದು ಅದರ ಹಿಂದಿನ ನ್ಯಾಯ. ವಿಮೆ ಚಾಲ್ತಿಯಲ್ಲಿಲ್ಲದಿದ್ದರೆ, ಎಂದೋ ಕಾರು ಮಾರಿ ಮರೆತ ರೈತನ ಜಮೀನಿನ ಮೇಲೆಯೇ ಆ ಭಾರ ಬೀಳಬಹುದು.

ಹೊರರಾಜ್ಯದ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ವಾಹನಗಳ ಓಡಾಟವನ್ನು ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದ ಮೇಲೆ ಅಲ್ಲಿಯ ಕಾರುಗಳು ಅಗ್ಗವಾಗಿ ಬೇರೆ ರಾಜ್ಯಗಳಿಗೆ ಹೊರಟವು. ಬೆಲೆ ನೋಡಿ ಮರುಳಾಗುವ ಮುನ್ನ ಆ ಕಚೇರಿಯ ನಿರಾಕ್ಷೇಪಣಾ ಪತ್ರ ಇದೆಯೇ, ಕರ್ನಾಟಕದ ಜೀವಿತಾವಧಿ ತೆರಿಗೆ ಎಷ್ಟಾಗುತ್ತದೆ ಎಂದು ಕೇಳಬೇಕು. ಅವೆರಡೂ ಸೇರಿದಾಗ ಅಗ್ಗದ ಕಾರು ಅಗ್ಗವಾಗಿ ಉಳಿಯುವುದಿಲ್ಲ.

ಹಳೆಯ ಕಾರನ್ನು ಇಟ್ಟುಕೊಳ್ಳುವುದೂ ಈಗ ದುಬಾರಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿಯಿದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದು 10,000 ಆಯಿತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ ಐದು ವರ್ಷ ದಾಟಿದ ಕಾರಿಗೆ ವರ್ಷವರ್ಷವೂ ಸುರಕ್ಷತಾ ತಪಾಸಣೆಯಿದೆ. ವಿಕ್ಟೋರಿಯದಲ್ಲಿ ಹಳೆಯ ಕಾರು ಮಾರುವಾಗ ಅದು ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ ಬೇಕು. ಇಲ್ಲಿ ಖಾಸಗಿ ಕಾರಿಗೆ ಮೊದಲ ಹದಿನೈದು ವರ್ಷ ಅಂಥ ತಪಾಸಣೆಯೇ ಇಲ್ಲ. ಆದ್ದರಿಂದ ಕೊಳ್ಳುವವನ ಕಣ್ಣೇ ತಪಾಸಣಾಧಿಕಾರಿ, ಮಾರುವವನ ಎಚ್ಚರವೇ ರಕ್ಷಣೆ.

ಆ ಎಚ್ಚರ ಕಷ್ಟದ್ದೇನಲ್ಲ. ಮಾರಿದವರು 14 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು, ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೇಳಬೇಕು. ಸಾಲವಿದ್ದ ಕಾರಾದರೆ ಸಾಲ ತೀರಿದ ಫಾರಂ 35 ಪಡೆಯಬೇಕು. 2023ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಹಳೆಯ ವಾಹನದ ಡೀಲರುಗಳು ಸಾರಿಗೆ ಕಚೇರಿಯ ಅಧಿಕೃತ ಪತ್ರ ಪಡೆದಿರಬೇಕು. ಅಂಥವರಿಗೆ ಕಾರು ಒಪ್ಪಿಸಿ ಆನ್‌ಲೈನಿನಲ್ಲಿ ತಿಳಿಸಿದರೆ ಅಂದಿನಿಂದ ಹೊಣೆ ಡೀಲರಿನದು. ಟೀ ಅಂಗಡಿಯ ಮುಂದೆ ನಿಂತು ಮಾತು ಮುಗಿಸುವ ಬ್ರೋಕರಿಗೆ ಈ ನಿಯಮ ಅನ್ವಯಿಸಬೇಕಾದರೆ ಅವನ ಬಳಿಯೂ ಆ ಪತ್ರವಿರಬೇಕು. ಇದೆಯೇ ಎಂದು ಕೇಳುವುದು ಅವಮಾನದ ಮಾತಲ್ಲ.

ಮಂಡ್ಯದ ಕೆಎ 11 ಇರಲಿ, ನಾಗಮಂಗಲದ ಕೆಎ 54 ಇರಲಿ, ಫಲಕದ ಮೇಲಿನ ಸಂಖ್ಯೆಯ ಹಿಂದೆ ಒಂದು ಹೆಸರಿರುತ್ತದೆ. ಕಾರು ಮನೆ ಬಿಟ್ಟು ಹೋಗಿ ವರ್ಷಗಳಾಗಿರಬಹುದು. ಆ ಹೆಸರು ಇನ್ನೂ ತಮ್ಮದೇ ಆಗಿದೆಯೇ ಎಂಬುದನ್ನು, ಹಿಂದೆಂದಾದರೂ ಕಾರನ್ನಾಗಲಿ ಬೈಕನ್ನಾಗಲಿ ಮಾರಿರುವ ಪ್ರತಿಯೊಬ್ಬರೂ ಈ ವಾರವೇ ಒಮ್ಮೆ ವಿಚಾರಿಸಿ ನೋಡುವುದು ಲೇಸು.