ಆಯಿಯ ಕಾಲಿನ ಕಲೆ

ಬನಹಟ್ಟಿಯ ನಮ್ಮ ಮನೆಯಲ್ಲಿ ಆಯಿ ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದಳು. ಅವಳ ಮೊಣಕಾಲ ಕೆಳಗೆ ಸುಟ್ಟ ಗಾಯದಂಥ ಕಲೆಯೊಂದಿತ್ತು. ಏನೆಂದು ಕೇಳಿದರೆ, "ನಾರುಹುಣ್ಣು ಆಗಿತ್ತವ್ವಾ. ಬೀಳಗಿ ಕಡೆ ನನ್ನ ತವರಾಗ ಬಾವಿಗೆ ಇಳಿದು ನೀರು ತರತಿದ್ವಿ" ಅನ್ನುತ್ತಿದ್ದಳು. ಹಳೇ ಕಾಲದ ಮಾತೆಂದು ನಾನು ಮರೆತಿದ್ದೆ.

2007ರಲ್ಲಿ ನರ್ಸ್ ಆಗಿ ದಕ್ಷಿಣ ಸುಡಾನಿನ ಆರೋಗ್ಯ ಯೋಜನೆಯೊಂದಕ್ಕೆ ಹೋದೆ. ಆಗಿನ್ನೂ ಅದು ಬೇರೆ ದೇಶವಾಗಿರಲಿಲ್ಲ. ಗುರುತಿಲ್ಲದ ಊರು, ತಿಳಿಯದ ಮಾತು, ಎದೆಯಲ್ಲಿ ಅಳುಕಿತ್ತು. ಮೊದಲ ದಿನವೇ ಹುಡುಗಿಯೊಬ್ಬಳು ಕಾಲು ಚಾಚಿ ಕುಳಿತಿದ್ದಳು. ಹುಣ್ಣಿನಿಂದ ಬಿಳಿ ನೂಲಿನಂಥ ಹುಳು ಇಣುಕಿತ್ತು. ಅಲ್ಲಿಯ ಕಾರ್ಯಕರ್ತೆ ಅದನ್ನು ಸಣ್ಣ ಕಡ್ಡಿಗೆ ಮೆಲ್ಲಗೆ ಸುತ್ತುತ್ತಿದ್ದಳು. ದಿನಕ್ಕೆ ಒಂದೆರಡು ಇಂಚು, ಅಷ್ಟೇ. ಅವಸರ ಮಾಡಿ ಹರಿದರೆ ಕಾಲು ಬಾತು ಕೀವಾಗುತ್ತದೆ. ಆ ಬೆರಳುಗಳ ತಾಳ್ಮೆಯಲ್ಲಿ ನನಗೆ ಆಯಿ ಕಂಡಳು. ಅಳುಕು ಅಲ್ಲಿಗೇ ಹೋಯಿತು.

ನಾರುಹುಣ್ಣಿಗೆ ಲಸಿಕೆ ಇಲ್ಲ, ಗುಣಪಡಿಸುವ ಔಷಧವೂ ಇಲ್ಲ. ಹುಳುವಿನ ಮರಿಗಳನ್ನು ಹೊತ್ತ ಸಣ್ಣ ಜೀವಿಗಳು ನೀರಿನೊಂದಿಗೆ ಹೊಟ್ಟೆ ಸೇರಿದರೆ, ವರ್ಷದ ಹೊತ್ತಿಗೆ ಗಜದುದ್ದದ ಹುಳು ಚರ್ಮ ಸೀಳಿ ಹೊರಬರುತ್ತದೆ. ಉರಿ ತಾಳದೆ ಕಾಲನ್ನು ಕೆರೆಯಲ್ಲಿಟ್ಟರೆ ಮರಿಗಳು ಮತ್ತೆ ನೀರಿಗಿಳಿಯುತ್ತವೆ. ಆ ಸಣ್ಣ ಜೀವಿಗಳು ಹೊಟ್ಟೆ ಸೇರದಂತೆ ತಡೆಯಲು ನೀರು ಸೋಸುವ ಬಟ್ಟೆ ಸಾಕು. ಯೋಜನೆಯವರು ಹಂಚುತ್ತಿದ್ದ ಆ ಬಟ್ಟೆಯನ್ನು, ನೇಕಾರರ ಮಗಳಲ್ಲವೇ, ಬೆಳಕಿಗೆ ಹಿಡಿದು ನೋಡಿದೆ. ಎಳೆ ಎಳೆಗೂ ಒತ್ತಾದ ನೇಯ್ಗೆ.

ಜಮಖಂಡಿ, ಮುಧೋಳ, ಬೀಳಗಿಗಳನ್ನು ಒಳಗೊಂಡಿದ್ದ ಅವಿಭಜಿತ ವಿಜಯಪುರ ಜಿಲ್ಲೆಯನ್ನೂ ಈ ರೋಗ ಕಾಡಿತ್ತು. ನಮ್ಮ ದೇಶ ಮೆಟ್ಟಿಲ ಬಾವಿಗಳನ್ನು ಸೇದುವ ಬಾವಿಗಳಾಗಿಸಿತು, ಕೈಪಂಪು ಹಾಕಿತು, ನೀರು ಸೋಸಲು ಕಲಿಸಿತು. ಭಾರತದ ಕೊನೆಯ ಪ್ರಕರಣ 1996ರದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮನ್ನು ರೋಗಮುಕ್ತ ಎಂದು ಸಾರಿತು. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರಿಗಿದ್ದ ಈ ರೋಗ 2023ರಲ್ಲಿ ಕಂಡದ್ದು 14 ಮಂದಿಯಲ್ಲಿ.

ಆಫ್ರಿಕಾ ಎಂದರೆ "ಅಯ್ಯೋ ಪಾಪ" ಅನ್ನುವವರಿದ್ದಾರೆ. ನಾನು ಅಲ್ಲಿ ಕಂಡದ್ದು ನಮ್ಮದೇ ನಿನ್ನೆಯನ್ನು, ಮತ್ತು ಅದನ್ನು ದಾಟುವ ಅದೇ ಛಲವನ್ನು. ಇವತ್ತು ಮನೆಯ ಹಿರಿಯರ ಹತ್ತಿರ ಒಂದು ಗಳಿಗೆ ಕುಳಿತುಕೊಳ್ಳಿ. ಅವರು ಯಾವ ಬಾವಿಯ ನೀರು ಕುಡಿದು ಬೆಳೆದರೆಂದು ಕೇಳಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.